ಕಚೇರಿಯಲ್ಲಿ ದುಡಿಯುತ್ತಲೇ ಸಾಫ್ಟ್‌ವೇರ್ ಪದವಿ: ಕೋಲಾರದ ತಮ್ಮ ತಂಗಿಯರಿಗೆ

ಪಿ.ಯು. ಮತ್ತು ಡಿಪ್ಲೊಮಾ ಫಲಿತಾಂಶ ಬರುವ ತಿಂಗಳುಗಳಲ್ಲಿ ಟೇಕಲ್, ಮಾಲೂರು, ಬಂಗಾರಪೇಟೆ ಕಡೆಯಿಂದ ನನಗೆ ಫೋನುಗಳು ಬರುತ್ತವೆ. ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ಕೆಲಸ ಮಾಡಿಕೊಂಡೇ ಎಂಜಿನಿಯರಿಂಗ್ ಓದಬಹುದಂತೆ, ಹೇಗೆ?" ಓದಬಹುದು. ನಾನು ಹಾಗೆಯೇ ಓದಿದವಳು. ಕೋಲಾರದಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಹೂಡಿಯ ಹತ್ತಿರದ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಕಲಿಯುವವಳಾಗಿ ಸೇರಿದೆ. ಕೆಲಸ ಕಾಯಂ ಆದ ಮೇಲೆ ಉದ್ಯೋಗಸ್ಥರಿಗೆಂದೇ ಇರುವ ಬಿ.ಟೆಕ್. ಮಾಡಿದೆ. ಈಗ ಹೊಸದಾಗಿ ಬರುವ ಅಪ್ರೆಂಟಿಸ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಕುಳಿತು ಬರೆಯುತ್ತಿದ್ದೇನೆ.

ಈ ದಾರಿಯನ್ನು ಅರ್ಧಕ್ಕೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರೂ ದಡ್ಡರಾಗಿರಲಿಲ್ಲ. ಹಗಲೆಲ್ಲ ಒಂದು ಕೆಲಸ, ರಾತ್ರಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಓದು ಎಂದು ಎರಡು ಹೊರೆ ಹೊತ್ತು ದಣಿದರು. ಮುಗಿಸಿದವರು ಕಚೇರಿಯ ಕೆಲಸವನ್ನೇ ಪಾಠವಾಗಿಸಿಕೊಂಡರು. ಮುಂದೆ ನಾನು ಹೇಳುವುದೆಲ್ಲ, ಕರಾರಿನ ವಿಷಯವೂ ರೈಲಿನ ವಿಷಯವೂ, ಇದಕ್ಕೆ ಅನುಕೂಲ ಮಾಡಿಕೊಳ್ಳುವ ಬಗೆ.

ಯಾವ ಬಾಗಿಲು ನಿಮ್ಮದು

ಬ್ರಿಟನ್ನಿನಲ್ಲಿ 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಎಂಬ ವ್ಯವಸ್ಥೆ ಇದೆ. ಕಂಪನಿ ಸಂಬಳ ಕೊಡುತ್ತದೆ, ವಿಶ್ವವಿದ್ಯಾಲಯದ ಶುಲ್ಕ ವಿದ್ಯಾರ್ಥಿಯ ತಲೆಯ ಮೇಲೆ ಬೀಳುವುದಿಲ್ಲ, ಸಂಬಳದ ಅವಧಿಯಲ್ಲೇ ಓದಿಗೆ ಸಮಯ ಬಿಡುವುದು ಕಡ್ಡಾಯ. ನಮ್ಮಲ್ಲಿ ಅಷ್ಟು ನೇರವಾದ ಒಂದೇ ಹೆಬ್ಬಾಗಿಲಿಲ್ಲ. ಹಲವು ಸಣ್ಣ ಬಾಗಿಲುಗಳಿವೆ. ನೀವು ಓದಿರುವುದರ ಮೇಲೆ ನಿಮ್ಮದು ಯಾವುದೆಂದು ತೀರ್ಮಾನವಾಗುತ್ತದೆ.

ದ್ವಿತೀಯ ಪಿ.ಯು.ವನ್ನು ಗಣಿತದೊಂದಿಗೆ ಮುಗಿಸಿದ್ದರೆ ಎಚ್‌ಸಿಎಲ್ ಕಂಪನಿಯ ಟೆಕ್‌ಬೀ ಯೋಜನೆಯನ್ನು ವಿಚಾರಿಸಿ. ಮೊದಲು ತರಬೇತಿ, ಆಮೇಲೆ ಕೆಲಸ, ಕೆಲಸದ ಜೊತೆಗೆ ಒಂದು ವಿಶ್ವವಿದ್ಯಾಲಯದ ಪದವಿ ಎಂಬುದು ಅದರ ಕ್ರಮ. ತರಬೇತಿಗೆ ಶುಲ್ಕ ಎಷ್ಟು, ಪದವಿಯ ಶುಲ್ಕದಲ್ಲಿ ಕಂಪನಿಯ ಪಾಲು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯಿರಿ. ಬಿ.ಸಿ.ಎ. ಅಥವಾ ಬಿ.ಎಸ್‌ಸಿ. ಆಗಿದ್ದರೆ ವಿಪ್ರೊ ಕಂಪನಿ ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ಯೋಜನೆಯೊಂದನ್ನು 1990ರ ದಶಕದಿಂದ ನಡೆಸುತ್ತ ಬಂದಿದೆ. ಪಿಲಾನಿಯ ಬಿಟ್ಸ್ ಸಂಸ್ಥೆ 1979ರಿಂದಲೇ ಉದ್ಯೋಗಸ್ಥರಿಗೆ ಪದವಿ ಕೊಡುತ್ತಿದೆ. ಡಿಪ್ಲೊಮಾ ಮಾಡಿ ಕೆಲಸದಲ್ಲಿರುವವರಿಗೆ ಅಲ್ಲಿ ಬಿ.ಟೆಕ್. ಇದೆ. ಕಚೇರಿಯ ಒಪ್ಪಿಗೆ ಪತ್ರ ಮತ್ತು ಕಚೇರಿಯಲ್ಲೇ ಒಬ್ಬ ಮಾರ್ಗದರ್ಶಿ ಬೇಕು.

ಡಿಪ್ಲೊಮಾ ಆದವರಿಗೆ ಇನ್ನೊಂದು ದಾರಿಯಿದೆ. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ 2023-24ರಿಂದ ಎಂಜಿನಿಯರಿಂಗ್ ಕಾಲೇಜುಗಳಿಗೆ ಉದ್ಯೋಗಸ್ಥರ ಪ್ರತ್ಯೇಕ ತಂಡಗಳನ್ನು ನಡೆಸಲು ಅನುಮತಿ ಕೊಡುತ್ತಿದೆ. ನೇರ ಎರಡನೇ ವರ್ಷಕ್ಕೆ ಪ್ರವೇಶ, ತರಗತಿ ಸಂಜೆ ಅಥವಾ ವಾರಾಂತ್ಯ. ಇದಕ್ಕೆ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಅಪ್ರೆಂಟಿಸ್ ಅವಧಿಯನ್ನು ಅನುಭವವೆಂದು ಪರಿಗಣಿಸುತ್ತಾರೆಯೇ ಎಂಬುದನ್ನು ಕಾಲೇಜಿನಿಂದ ಬರಹದಲ್ಲಿ ಪಡೆದುಕೊಳ್ಳಿ. ಬಾಯಿಮಾತಿಗೆ ಪ್ರವೇಶ ಶುಲ್ಕ ಕಟ್ಟಬೇಡಿ.

ಇನ್ನೂ ಯಾವ ಪದವಿಗೂ ಸೇರಿಲ್ಲದವರು ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗಳನ್ನೂ ನೋಡಬೇಕು. ಯುಜಿಸಿ 2020ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು, 2025ರಲ್ಲಿ ಪರಿಷ್ಕರಿಸಿತು. ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್, ನಾಲ್ಕು ವರ್ಷದ ಪದವಿಯಲ್ಲಿ ಎರಡರಿಂದ ನಾಲ್ಕು ಸೆಮಿಸ್ಟರ್‌ಗಳನ್ನು ಕೆಲಸದ ಸ್ಥಳದಲ್ಲೇ ಕಳೆಯಬಹುದು. ಅದಕ್ಕೆ ಕ್ರೆಡಿಟ್ ಸಿಗುತ್ತದೆ, ಸ್ಟೈಪೆಂಡ್ (ತರಬೇತಿಯ ಭತ್ಯೆ) ಕೂಡ. ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಬಿ.ಎಸ್. ಅಪ್ರೆಂಟಿಸ್‌ಶಿಪ್ ಅಲ್ಲದಿದ್ದರೂ ದುಡಿಯುವವರಿಗೆ ಹೊಂದುತ್ತದೆ. ಜೆಇಇ ಬೇಕಿಲ್ಲ, ಅವರದೇ ಅರ್ಹತಾ ಪ್ರಕ್ರಿಯೆ ಇದೆ. ಪಾಠ ಅಂತರ್ಜಾಲದಲ್ಲಿ, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಶುಲ್ಕ ರಿಯಾಯಿತಿಯಿದೆ. ಅದಕ್ಕೆ ಬೇಕಾದ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ. "ಮನೆಯಲ್ಲೇ ಕುಳಿತು ಅಂಚೆ ಮೂಲಕ ಬಿ.ಟೆಕ್." ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳುಹಿಸಿಬಿಡಿ. ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿಗೆ ಮಾನ್ಯತೆ ಇಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ಹೀಗೆ ಕೊಟ್ಟ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಕಠಿಣ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ಓದಿ ಕೆಲಸಕ್ಕೂ ಸೇರಿದ್ದವರ ಪದವಿಗಳು ಆಗ ಅಮಾನತಿನಲ್ಲಿ ಸಿಕ್ಕಿಬಿದ್ದವು. ಬಿ.ಸಿ.ಎ. ವಿಷಯ ಬೇರೆ. ಅದನ್ನು ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ದೂರಶಿಕ್ಷಣದ ಮೂಲಕ ಮಾನ್ಯವಾಗಿಯೇ ಓದಬಹುದು.

ಸಹಿ ಹಾಕುವ ಮುನ್ನ

ನಮ್ಮ ದೇಶದಲ್ಲಿ ಅಪ್ರೆಂಟಿಸ್‌ಗೆ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯಿಸುತ್ತದೆ. ಡಿಪ್ಲೊಮಾ ಮತ್ತು ಪದವಿ ಮುಗಿಸಿದವರು ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮ ರಾಜ್ಯವನ್ನು ನೋಡಿಕೊಳ್ಳುವ ದಕ್ಷಿಣ ವಲಯದ ಮಂಡಳಿ ಚೆನ್ನೈನಲ್ಲಿದೆ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಡಿಪ್ಲೊಮಾದವರಿಗೆ ತಿಂಗಳಿಗೆ 8,000 ರೂಪಾಯಿ, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಯಾಗಿತ್ತು. ಕನಿಷ್ಠ ಮೊತ್ತದ ಅರ್ಧ ಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕನಿಷ್ಠ ದರ ಪರಿಷ್ಕರಣೆಯಾಗುವುದುಂಟು, ಆದ್ದರಿಂದ ಸೇರುವ ತಿಂಗಳಿನ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಅಪ್ಪನ ಖಾತೆಯ ಸಂಖ್ಯೆ ಕೊಟ್ಟು ತಿಂಗಳುಗಟ್ಟಲೆ ಅಲೆದವರನ್ನು ನೋಡಿದ್ದೇನೆ. ಇನ್ನೊಂದು: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವ ಇರುವವರು ಈ ಯೋಜನೆಯಿಂದ ಹೊರಗುಳಿಯುತ್ತಾರೆ. ಅಪ್ರೆಂಟಿಸ್ ಆಗುವ ಮನಸ್ಸಿದ್ದರೆ ಓದು ಮುಗಿದ ಕೂಡಲೇ ಹೊರಡಿ.

ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಕರಾರಿನಲ್ಲಿ ಬರೆದಿಲ್ಲದಿದ್ದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಹೊಣೆಯೂ ಕಂಪನಿಗಿಲ್ಲ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿ. "ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು" ಎಂದು ಊರಿಗೆಲ್ಲ ಹೇಳಿಕೊಂಡ ತಂದೆತಾಯಿ ಒಂದು ವರ್ಷದ ನಂತರ ಗಾಬರಿಯಾಗುವುದು ಬೇಡ.

ಪದವಿಯ ಶುಲ್ಕವನ್ನು ಕಂಪನಿ ಕಟ್ಟುತ್ತದೆಂದರೆ ಅದರ ಹಿಂದೆ ಬಹುಮಟ್ಟಿಗೆ ಬಾಂಡ್ ಇರುತ್ತದೆ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ವಾಪಸ್. "ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕು" ಎಂದು ಸಲಹೆ ಕೊಡುವ ಅಣ್ಣಂದಿರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಬಾಂಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೊತ್ತ ಎಷ್ಟು, ಅವಧಿ ಯಾವತ್ತಿನಿಂದ ಶುರು, ವರ್ಷ ಕಳೆದಂತೆ ಮೊತ್ತ ಇಳಿಯುತ್ತದೆಯೇ, ಕಂಪನಿಯೇ ನಿಮ್ಮನ್ನು ತೆಗೆದರೆ ಏನು ಗತಿ, ಪದವಿ ಅರ್ಧಕ್ಕೆ ನಿಂತರೆ ಏನು: ಈ ಐದಕ್ಕೂ ಕಾಗದದಲ್ಲೇ ಉತ್ತರ ಇರಬೇಕು. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲಿ ಬಿಟ್ಟು ಬರಬೇಡಿ. ತೋರಿಸಿ, ನಕಲು ಕೊಟ್ಟು, ಮೂಲ ಪ್ರತಿಯೊಂದಿಗೆ ಮನೆಗೆ ಬನ್ನಿ.

ಕರಾರು ಮಾತಾಡುವಾಗಲೇ ಪರೀಕ್ಷೆಯ ರಜೆ ಮತ್ತು ವಾರದಲ್ಲಿ ಓದಿನ ಗಂಟೆಗಳನ್ನು ಕೇಳಿ. ಬ್ರಿಟನ್ನಿನ ಮಾತು ಎತ್ತಿದ್ದು ಇದಕ್ಕೇ. ಅಲ್ಲಿ ನಿಯಮವಾಗಿರುವುದನ್ನು ಇಲ್ಲಿ ನಾವು ಕೇಳಿ ಪಡೆಯಬೇಕು. ಕೇಳಿದರೆ ಕೊಡುವ ಕಚೇರಿಗಳಿವೆ. ಶುಕ್ರವಾರ ಮಧ್ಯಾಹ್ನದ ಎರಡು ಗಂಟೆ ಎಂದು ಸ್ಪಷ್ಟವಾಗಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. "ಸ್ವಲ್ಪ ಸಮಯ ಕೊಡಿ ಸರ್" ಎಂದರೆ ಏನೂ ಸಿಗುವುದಿಲ್ಲ.

ಕಚೇರಿಯ ಕೆಲಸವನ್ನು ಪಾಠವಾಗಿಸುವುದು

ಸೇರಿದ ಮೊದಲ ದಿನವೇ ಎರಡು ನೂರು ಪುಟದ ಒಂದು ನೋಟ್‌ಬುಕ್ ಕೊಳ್ಳಿ. ಪ್ರತಿದಿನ ಸಂಜೆ ಅದರಲ್ಲಿ ನಾಲ್ಕು ವಿಷಯ ಬರೆಯಿರಿ: ನನಗೆ ಏನು ಮಾಡಲು ಹೇಳಿದರು, ನಾನು ಕಾರಣ ಏನೆಂದು ಊಹಿಸಿದೆ, ನಿಜವಾದ ಕಾರಣ ಏನಾಗಿತ್ತು, ಇದು ನನ್ನ ಪಠ್ಯದ ಯಾವ ವಿಷಯಕ್ಕೆ ಸೇರುತ್ತದೆ. ನಾಲ್ಕನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪದವಿ ದಾಟಿಸುವುದು ಅದೇ.

ನಮ್ಮ ತಂಡದಲ್ಲಿ ಅಂಗಡಿಗಳ ಬಿಲ್ಲುಗಳನ್ನೂ ಬ್ಯಾಂಕಿನಿಂದ ಬಂದ ಹಣದ ಪಟ್ಟಿಯನ್ನೂ ತಾಳೆ ನೋಡುವ ಪ್ರೋಗ್ರಾಂ ಒಂದಿತ್ತು. ತಿಂಗಳ ಕೊನೆಯಲ್ಲಿ ಅದು ಕುಂಟುತ್ತಿತ್ತು. ತೆರೆದು ನೋಡಿದರೆ ಒಂದು ಪಟ್ಟಿಯ ಪ್ರತಿ ಸಾಲನ್ನೂ ಇನ್ನೊಂದು ಪಟ್ಟಿಯ ಎಲ್ಲ ಸಾಲುಗಳೊಂದಿಗೆ ಹೋಲಿಸುತ್ತಿತ್ತು. ಎರಡರಲ್ಲೂ 40,000 ಸಾಲುಗಳಿದ್ದರೆ 160 ಕೋಟಿ ಹೋಲಿಕೆ. ಬಿಲ್ ಸಂಖ್ಯೆಯನ್ನು ಕೀಲಿಯಾಗಿಟ್ಟು ಒಂದು ಪಟ್ಟಿಯನ್ನು ಹ್ಯಾಶ್ ಟೇಬಲ್‌ಗೆ (ಕೀಲಿ ಕೊಟ್ಟರೆ ಅದರ ಸಾಲನ್ನು ನೇರವಾಗಿ ತೆಗೆದುಕೊಡುವ ಕೋಷ್ಟಕ) ತುಂಬಿದರೆ ಎರಡೂ ಪಟ್ಟಿಗಳ ಮೇಲೆ ಒಂದೊಂದು ಸಲ ಹಾದುಹೋದರೆ ಸಾಕು, 80,000 ಹೆಜ್ಜೆ. ಡೇಟಾ ಸ್ಟ್ರಕ್ಚರ್ಸ್ ಪುಸ್ತಕದಲ್ಲಿ ಎನ್ ವರ್ಗ (n²) ಎಂದು ಬರೆದಿರುವುದರ ಅರ್ಥ ನನಗೆ ಆ ದಿನ ಹೊಳೆಯಿತು. ಅದೇ ರಾತ್ರಿ ಆ ಅಧ್ಯಾಯ ಓದಿದೆ. ಎರಡೂ ಪಟ್ಟಿಗಳನ್ನು ಮೊದಲು ಕ್ರಮವಾಗಿ ಜೋಡಿಸಿಯೂ ತಾಳೆ ನೋಡಬಹುದಲ್ಲ ಎಂಬ ಎರಡನೇ ಉಪಾಯ ಪುಸ್ತಕದಿಂದ ಸಿಕ್ಕಿತು. ಮರುದಿನ ಎರಡನ್ನೂ ಓಡಿಸಿ ಸಮಯ ಅಳೆದೆ. ಆಮೇಲೆ ಪದವಿಯಲ್ಲಿ ಆ ವಿಷಯ ಬಂದಾಗ ನನ್ನ ಅಸೈನ್‌ಮೆಂಟ್ ಆ ನೋಟ್‌ಬುಕ್‌ನಲ್ಲಿ ಸಿದ್ಧವಾಗಿತ್ತು.

ಹೀಗೆಯೇ ಎಲ್ಲವೂ ಹುಡುಕಿದರೆ ಸಿಗುತ್ತದೆ. ಡೇಟಾಬೇಸ್‌ನಲ್ಲಿ ನಿಧಾನವಾದ ಒಂದು ಪ್ರಶ್ನೆ (ಕ್ವೆರಿ) ಕಂಡರೆ ಅದರ ಮುಂದೆ ಎಕ್ಸ್‌ಪ್ಲೇನ್ (EXPLAIN) ಎಂದು ಸೇರಿಸಿ, ಡೇಟಾಬೇಸ್ ಅದನ್ನು ಹೇಗೆ ನಡೆಸುತ್ತದೆಂದು ನೋಡಿ. ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಇದ್ದರೂ ಇಡೀ ಕೋಷ್ಟಕವನ್ನೇ ಓದುತ್ತಿದ್ದರೆ, ದಿನಾಂಕದ ಕಾಲಮ್‌ಗೆ ಯಾರೋ ಒಂದು ಫಂಕ್ಷನ್ ಸುತ್ತಿರಬಹುದು. ಲಿನಕ್ಸ್ ಸರ್ವರ್‌ನಲ್ಲಿ ಒಂದು ಸೇವೆ ಕೆಲವು ದಿನ ಸರಿಯಾಗಿ ಓಡಿ ಆಮೇಲೆ ತೆರೆದ ಫೈಲುಗಳು ಹೆಚ್ಚಾದವು ಎಂದು ನಿಂತರೆ, ತೆರೆದದ್ದನ್ನು ಮುಚ್ಚದ ಕೋಡ್ ಎಲ್ಲೋ ಇದೆ. ಓಡುತ್ತಿರುವ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಇರುವ ಮಿತಿ 1,024 ತೆರೆದ ಫೈಲುಗಳು. ಅಲ್ಲಿಂದ ಆಪರೇಟಿಂಗ್ ಸಿಸ್ಟಂನ ಫೈಲ್ ಡಿಸ್ಕ್ರಿಪ್ಟರ್ ಪಾಠಕ್ಕೆ ಹೋಗಿ. ಹಿರಿಯರು ನಿಮ್ಮ ಕೋಡ್ ಪರಿಶೀಲಿಸಿ ಬರೆದ ಟಿಪ್ಪಣಿಗಳು ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಷಯದ ಅತ್ಯುತ್ತಮ ನೋಟ್ಸ್. ಅವನ್ನು ಓದಿ ಮರೆಯಬೇಡಿ, ನಕಲು ಮಾಡಿಟ್ಟುಕೊಳ್ಳಿ.

ಇಲ್ಲೊಂದು ಗಡಿ ಇದೆ. ಕಚೇರಿಯ ಕೋಡ್, ಗ್ರಾಹಕರ ಹೆಸರು, ನಿಜವಾದ ಬಿಲ್ಲು ಇವು ಕಚೇರಿಯ ಸೊತ್ತು. ಅಸೈನ್‌ಮೆಂಟ್‌ಗೆ ಸಮಸ್ಯೆಯ ಸ್ವರೂಪವನ್ನು ಮಾತ್ರ ತೆಗೆದುಕೊಳ್ಳಿ. ಕೋಡನ್ನು ಮನೆಯಲ್ಲಿ ಹೊಸದಾಗಿ ಬರೆಯಿರಿ, ದತ್ತಾಂಶವನ್ನು ನೀವೇ ಸೃಷ್ಟಿಸಿ. ಅಂತಿಮ ವರ್ಷದ ಪ್ರಾಜೆಕ್ಟ್ ಕಚೇರಿಯದ್ದೇ ಆಗಬೇಕಿದ್ದರೆ ಮ್ಯಾನೇಜರ್‌ನಿಂದ ಇಮೇಲ್‌ನಲ್ಲಿ ಅನುಮತಿ ಪಡೆದು, ವರದಿಯನ್ನು ಸಲ್ಲಿಸುವ ಮುನ್ನ ಅವರಿಗೆ ತೋರಿಸಿ. ನಿಮ್ಮ ಸ್ವಂತ ಗಿಟ್‌ಹಬ್ ಖಾತೆಗೆ ಕಚೇರಿಯ ಒಂದು ಸಾಲೂ ಹೋಗಬಾರದು.

ಈಗ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳಿವೆ. ನನ್ನ ಅಪ್ರೆಂಟಿಸ್‌ಗಳಿಗೆ ನಾನು ಅವನ್ನು ಬೇಡ ಎನ್ನುವುದಿಲ್ಲ. ಆದರೆ ಮೊದಲು ಕಾಗದದ ಮೇಲೆ ತಮ್ಮ ಉಪಾಯವನ್ನು ಬರೆಯಬೇಕು, ಆಮೇಲೆ ಸಾಧನ ಕೊಟ್ಟದ್ದರ ಪ್ರತಿ ಸಾಲನ್ನೂ ನನಗೆ ವಿವರಿಸಬೇಕು. ಪರೀಕ್ಷಾ ಕೊಠಡಿಯಲ್ಲಿ ಪೆನ್ನು ಮಾತ್ರ ಇರುತ್ತದೆ.

ಕೆಲಸವೇ ಕಲಿಯುವಂಥದ್ದಲ್ಲದಿದ್ದರೆ? ನನ್ನ ಅಪ್ರೆಂಟಿಸ್ ದಿನಗಳ ಆರಂಭದಲ್ಲಿ ಎಕ್ಸೆಲ್ ಹಾಳೆ ತುಂಬುವುದು ಬಿಟ್ಟರೆ ಬೇರೆ ಕೆಲಸ ಕೊಡಲಿಲ್ಲ. ತಿಂಗಳುಗಳು ಉರುಳುತ್ತಿದ್ದವು. ದೂರು ಹೇಳಿದರೆ ಪ್ರಯೋಜನ ಇರಲಿಲ್ಲ. ತಂಡದ ಬಾಕಿ ಕೆಲಸಗಳ ಪಟ್ಟಿ ಎಲ್ಲರಿಗೂ ಕಾಣುತ್ತದೆ. ಅದರಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಮೂರು ಸಣ್ಣ ದೋಷಗಳನ್ನು ಆರಿಸಿ, ಒಂದೊಂದಕ್ಕೂ ಕಾರಣ ಹುಡುಕಿ ಬರೆದುಕೊಂಡು ಹೋಗಿ, "ಸರ್, ಹಾಳೆ ತುಂಬುವುದನ್ನು ಮಧ್ಯಾಹ್ನದೊಳಗೆ ಮುಗಿಸುತ್ತೇನೆ, ಆಮೇಲೆ ಇವನ್ನು ಮಾಡಲೇ?" ಎಂದು ಕೇಳಿದೆ. ಒಪ್ಪಿದರು. ಒಪ್ಪದಿದ್ದರೆ ಪೋರ್ಟಲ್‌ನಲ್ಲಿ ನಮೂದಾದ ತರಬೇತಿಯ ವಿವರವನ್ನು ಮುಂದಿಟ್ಟು ಮಾನವ ಸಂಪನ್ಮೂಲ ವಿಭಾಗದೊಂದಿಗೆ ಮಾತಾಡಬಹುದು. ಅಪ್ರೆಂಟಿಸ್‌ಗೆ ಕಲಿಸುವುದು ಉಪಕಾರವಲ್ಲ, ಕರಾರಿನ ಭಾಗ.

ಗಣಿತ, ಇಂಗ್ಲಿಷ್, ರೈಲು

ಕೆಲವು ವಿಷಯಗಳಿಗೆ ಕಚೇರಿಯಲ್ಲಿ ನೆಲೆ ಸಿಗುವುದಿಲ್ಲ. ಗಣಿತ ಮುಖ್ಯವಾಗಿ. ಡಿಪ್ಲೊಮಾದಿಂದ ಬಂದವರಿಗೆ ಇದು ದೊಡ್ಡ ತಡೆ. ವಿಟಿಯು ಕೂಡ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ ಹೆಚ್ಚುವರಿ ಗಣಿತ ಇಟ್ಟಿರುವುದು ಈ ಕೊರತೆ ತುಂಬಲೆಂದೇ. ಪದವಿಗೆ ಸೇರುವ ಮುನ್ನವೇ ಪಿ.ಯು. ಗಣಿತದ ಪುಸ್ತಕಗಳನ್ನು ತೆಗೆದು ಕಲನಶಾಸ್ತ್ರ, ಮಾತೃಕೆ, ಸಂಭವನೀಯತೆ ಮೂರನ್ನೂ ಮಾಡಿ ಮುಗಿಸಿ. ಇದಕ್ಕೆ ಬೆಳಗಿನ ಜಾವವೇ ಸರಿ. ಕಚೇರಿಯಿಂದ ಬಂದ ಮೇಲೆ ಗಣಿತ ತಲೆಗೆ ಹತ್ತುವುದಿಲ್ಲ, ಓದಿದೆನೆಂಬ ಭ್ರಮೆ ಮಾತ್ರ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆದು ಅಭ್ಯಾಸ ಮಾಡಿ. ದಿನವಿಡೀ ಕೀಲಿಮಣೆ ಒತ್ತುವವರಿಗೆ ಮೂರು ಗಂಟೆ ಬರೆಯುವ ರೂಢಿಯೇ ತಪ್ಪಿಹೋಗಿರುತ್ತದೆ.

ನಮ್ಮ ಜಿಲ್ಲೆಯ ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಒಮ್ಮೆಲೇ ಇಂಗ್ಲಿಷ್. ಎರಡು ಭಾಷೆಗಳನ್ನು ಯಾರೂ ಕಲಿಸದೆ ಕಲಿತವರಿಗೆ ಮೂರನೆಯದು ಕಷ್ಟವಲ್ಲ, ಬಾಯಿ ತೆರೆಯುವ ಸಂಕೋಚ ಕಷ್ಟ. ಬೆಳಗಿನ ತಂಡದ ಸಭೆಗೆ ಹೋಗುವ ಮುನ್ನ ಮೂರು ವಾಕ್ಯ ಬರೆದಿಟ್ಟುಕೊಳ್ಳಿ: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಓದಿ ಹೇಳಿದರೂ ತೊಂದರೆಯಿಲ್ಲ. ಕೆಲವು ವಾರಗಳಲ್ಲಿ ಕಾಗದ ಬೇಕಾಗುವುದಿಲ್ಲ.

ವೈಟ್‌ಫೀಲ್ಡ್ ಸುತ್ತ ಪಿ.ಜಿ. ಹಿಡಿದರೆ ಸ್ಟೈಪೆಂಡ್‌ನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಅದೃಷ್ಟಕ್ಕೆ ಬಂಗಾರಪೇಟೆ, ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಹೂಡಿ ಎಲ್ಲವೂ ಒಂದೇ ರೈಲು ಮಾರ್ಗದಲ್ಲಿವೆ. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅಲ್ಲಿನ ಜನ ಬೆಂಗಳೂರಿನ ದುಡಿಮೆಗೆ ನೆಚ್ಚಿಕೊಂಡದ್ದು ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಈ ಮಾರ್ಗದಲ್ಲಿ ಬರುವ ರೈಲುಗಳನ್ನೇ. ತಿಂಗಳ ಪಾಸ್ ಮಾಡಿಸಿಕೊಳ್ಳಿ. ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ನಿಂತುಕೊಂಡು ಮಾಡಬಹುದಾದ ಓದನ್ನು ಅದಕ್ಕೆ ಇಡಿ. ಹಿಂದಿನ ರಾತ್ರಿ ಮೊಬೈಲ್‌ಗೆ ಇಳಿಸಿಕೊಂಡ ಉಪನ್ಯಾಸವನ್ನು ಕೇಳುವುದು, ನೋಟ್‌ಬುಕ್‌ನ ಹಳೆಯ ಪುಟ ತಿರುವುವುದು. ಮರಳುವಾಗ ಮಲಗಿ. ಅದೂ ಓದಿನ ಭಾಗ ಎಂದೇ ನಾನು ನಂಬಿದ್ದೇನೆ. ಟೊಮೆಟೊ ಕೊಯ್ಲಿನ ವಾರ, ಊರ ಜಾತ್ರೆ, ಮದುವೆಗಳ ತಿಂಗಳು ಮನೆಯವರು ಕರೆದೇ ಕರೆಯುತ್ತಾರೆ. ಸೆಮಿಸ್ಟರ್ ಶುರುವಾದಾಗಲೇ ಪರೀಕ್ಷೆಯ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅಮ್ಮನ ಕೈಯಿಂದಲೇ ಗುರುತು ಮಾಡಿಸಿ. ಅದೇ ಪಟ್ಟಿಯನ್ನು ಅದೇ ದಿನ ಮ್ಯಾನೇಜರ್‌ಗೂ ಕಳುಹಿಸಿ. ಪರೀಕ್ಷೆಯ ಹಿಂದಿನ ವಾರ ರಜೆ ಕೇಳಿದರೆ ಎಂಥ ಒಳ್ಳೆಯ ಮ್ಯಾನೇಜರ್‌ಗೂ ಕೊಡುವುದು ಕಷ್ಟ.

ಒಂದು ವಿಷಯ ಹೋದರೆ ಅದನ್ನು ಮುಂದಿನ ಸೆಮಿಸ್ಟರ್‌ನಲ್ಲೇ ತೀರಿಸಿ, ಬಾಕಿ ಬೆಳೆಸಬೇಡಿ. ಎರಡು ಹೋದರೆ ಮುಂದಿನ ಸಲ ಹೊಸ ವಿಷಯಗಳನ್ನು ಕಡಿಮೆ ತೆಗೆದುಕೊಳ್ಳಲು ಅವಕಾಶ ಇದೆಯೇ ನೋಡಿ. ಉದ್ಯೋಗಸ್ಥರ ಪದವಿ ಒಂದು ವರ್ಷ ತಡವಾಗಿ ಮುಗಿದರೆ ನಷ್ಟ ಕಡಿಮೆ, ಆ ವರ್ಷವೂ ಅನುಭವವಾಗಿ ಸೇರುತ್ತದೆ.

ಅಪ್ರೆಂಟಿಸ್ ಅವಧಿ ಮುಗಿದಾಗ ಎನ್‌ಎಟಿಎಸ್ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಕಚೇರಿಯಿಂದ ಪ್ರತ್ಯೇಕವಾಗಿ ಒಂದು ಅನುಭವ ಪತ್ರ ಬೇಕು. ಅದರಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಯಾವ ಭಾಷೆಯಲ್ಲಿ ಕೋಡ್ ಬರೆದಿರಿ, ಯಾವ ಬಗೆಯ ಕೆಲಸ ಮಾಡಿದಿರಿ ಎಂಬುದು ಇರಲಿ. ಬರೀ "ತರಬೇತಿ ಪಡೆದಿದ್ದಾರೆ" ಎಂದು ಬರೆದುಕೊಟ್ಟರೆ ವಿನಯದಿಂದಲೇ ವಾಪಸ್ ಕೊಟ್ಟು ವಿವರ ಸೇರಿಸಿಸಿಕೊಳ್ಳಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ, ಇನಿಷಿಯಲ್ ಸಮೇತ, ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇದೆಯೇ ಎಂದು ಅಲ್ಲೇ ನಿಂತು ನೋಡಿ.